ವೆಬ್‌ಕಾಮಿಕ್ ಅಭಿಮಾನಿ ಬಳಗ ಸೇರುವುದು ಹೇಗೆ? ಮೈಸೂರು, ಮಂಡ್ಯದ ಓದುಗರಿಗೆ ಸಮಗ್ರ ಮಾರ್ಗದರ್ಶಿ

ಅಂತರ್ಜಾಲದಲ್ಲಿ ಕಂತು ಕಂತಾಗಿ ಬರುವ ಚಿತ್ರಕಥೆಯೇ ವೆಬ್‌ಕಾಮಿಕ್. ಅದನ್ನು ಓದುವವರು ನಮ್ಮ ಮೈಸೂರು, ಮಂಡ್ಯದಲ್ಲೂ ಇದ್ದಾರೆ. ಆದರೆ ನೀವು ಓದುವ ಕಾಮಿಕ್ಕನ್ನೇ ಓದುವ ಇನ್ನೊಬ್ಬರು ಅದೇ ಬೀದಿಯಲ್ಲಿ ಸಿಗುವುದು ಕಷ್ಟ. ಕಥೆಯಲ್ಲಿ ದೊಡ್ಡ ತಿರುವು ಬಂತು ಅಂದುಕೊಳ್ಳಿ. ಹಾಸ್ಟೆಲಿನ ರೂಂಮೇಟಿಗೆ ಅದರ ಮಜಾ ತಿಳಿಯಬೇಕಾದರೆ ಮೊದಲಿಂದ ಕಥೆ ಹೇಳಬೇಕು. ಅಷ್ಟರಲ್ಲಿ ಅವರಿಗೆ ನಿದ್ದೆ ಬಂದಿರುತ್ತದೆ. ಆನ್‌ಲೈನ್ ಅಭಿಮಾನಿ ಬಳಗಗಳು ಇರುವುದೇ ಇದಕ್ಕೆ.

ಸೇರುವುದು ಒಂದು ಕ್ಲಿಕ್ಕಿನ ಕೆಲಸ. ಅಲ್ಲಿ ನಾಲ್ಕು ಜನ ನಿಮ್ಮನ್ನು ಗುರುತಿಸಿ ಮಾತಾಡಿಸುವಂತಾಗುವುದು ಬೇರೆ ಕೆಲಸ. ಅದಕ್ಕೆ ಸಮಯ ಹಿಡಿಯುತ್ತದೆ. ತುಂಬಾ ಜನ ಮೊದಲನೇ ದಿನವೇ ಏನೋ ಬರೆದು, ಯಾರೂ ಉತ್ತರ ಕೊಡಲಿಲ್ಲ ಅಂತ ಬೇಸರಪಟ್ಟು ಹೊರಟುಬಿಡುತ್ತಾರೆ. ನಿಧಾನಕ್ಕೆ ಒಳಗೆ ಬಂದವರೇ ಉಳಿಯುವುದು. ಅದಕ್ಕೇ ಮುಂದಿನ ಹಂತಗಳಲ್ಲಿ ಅವಸರದ ಕೆಲಸ ಒಂದೂ ಇಲ್ಲ.

ಹಂತ 1: ಮೊದಲು ಓದಿಕೊಂಡು ಬನ್ನಿ

ಎಲ್ಲ ಕಾಮಿಕ್ಕಿಗೂ ಒಂದೇ ತಯಾರಿ ಸಾಲದು. ರಾಂಡಲ್ ಮನ್ರೋ 2005ರಲ್ಲಿ ಶುರು ಮಾಡಿದ ಎಕ್ಸ್‌ಕೆಸಿಡಿಯಲ್ಲಿ ಪ್ರತಿ ಕಂತೂ ಬಿಡಿ ಬಿಡಿ. ಹತ್ತು ಓದಿದ್ದರೂ ಮಾತಿಗೆ ಕೂರಬಹುದು. ಧಾರಾವಾಹಿ ಕಥೆಯಾದರೆ ಹಾಗಲ್ಲ. 2003ರಲ್ಲಿ ಶುರುವಾದ ದಿ ಆರ್ಡರ್ ಆಫ್ ದಿ ಸ್ಟಿಕ್ ಸಾವಿರ ಕಂತು ದಾಟಿದೆ. ಅದರ ಅಭಿಮಾನಿಗಳು ನೂರನೇ ಕಂತಿನಲ್ಲಿ ಬಂದ ಸಣ್ಣ ಮಾತನ್ನು ನೆನಪಿಟ್ಟುಕೊಂಡು ವಾದ ಮಾಡುತ್ತಾರೆ. ಅರ್ಧ ಓದಿ ಹೋದರೆ ನಿಮಗೆ ಅಲ್ಲಿನ ಮಾತು ಅರ್ಥವಾಗುವುದಿಲ್ಲ, ಮುಂದಿನ ಕಥೆಯೂ ಮೊದಲೇ ಗೊತ್ತಾಗಿಬಿಡುತ್ತದೆ.

ಇನ್ನೊಂದು ಬಗೆ, ಮೊಬೈಲಿನಲ್ಲಿ ಮೇಲಿಂದ ಕೆಳಗೆ ಜಾರಿಸಿ ಓದುವ ವೆಬ್‌ಟೂನ್. ಕೊರಿಯಾದ ನೇವರ್ ಕಂಪನಿ ತನ್ನ ವೆಬ್‌ಟೂನ್ ತಾಣವನ್ನು 2004ರಲ್ಲಿ ಶುರು ಮಾಡಿತು. ಇಂಗ್ಲಿಷಿನಲ್ಲಿ ಬಂದಿದ್ದು 2014ರಲ್ಲಿ. ಇಲ್ಲಿ ದುಡ್ಡು ಕೊಟ್ಟವರು ಮುಂದಿನ ಕೆಲವು ಕಂತುಗಳನ್ನು ಮೊದಲೇ ಓದಬಹುದು. ಹಾಗಾಗಿ ಒಂದೇ ಬಳಗದಲ್ಲಿ ಎರಡು ಗುಂಪು ಇರುತ್ತವೆ: ಮುಂದೆ ಓದಿದವರು, ಪುಕ್ಕಟೆ ಕಂತಿಗೆ ಕಾಯುವವರು. ನೀವು ಯಾವ ಗುಂಪು ಅಂತ ನಿಮಗೆ ಗೊತ್ತಿರಬೇಕು. ಮುಂದೆ ಇದು ಕೆಲಸಕ್ಕೆ ಬರುತ್ತದೆ.

ಮಂಡ್ಯ–ಮೈಸೂರು ರೈಲಿನಲ್ಲಿ ಓಡಾಡುವವರಿಗೆ ಹಳೇ ಕಂತು ಓದಲು ಅದಕ್ಕಿಂತ ಒಳ್ಳೆ ಹೊತ್ತಿಲ್ಲ. ದಾರಿಯಲ್ಲಿ ನೆಟ್‌ವರ್ಕ್ ಕೈಕೊಟ್ಟರೆ ಅಂತ, ಆ್ಯಪ್‌ನಲ್ಲಿ ಡೌನ್‌ಲೋಡ್ ಸೌಲಭ್ಯ ಇದ್ದರೆ ಮನೆಯಲ್ಲೇ ಇಳಿಸಿಕೊಳ್ಳಿ. ಕದ್ದು ಹಾಕುವ ಸೈಟುಗಳಲ್ಲಿ ಮಾತ್ರ ಓದಬೇಡಿ. ನೀವು ಹಾಕುವ ಸ್ಕ್ರೀನ್‌ಶಾಟಿನ ಮೂಲೆಯಲ್ಲಿ ಆ ಸೈಟಿನ ಮುದ್ರೆ ಕಂಡರೆ ಸಾಕು, ಹೆಚ್ಚಿನ ಬಳಗಗಳು ಮುಲಾಜಿಲ್ಲದೆ ಹೊರಗೆ ಹಾಕುತ್ತವೆ.

ಹಂತ 2: ಸರಿಯಾದ ಬಾಗಿಲು ಹುಡುಕಿ

ಅಭಿಮಾನಿಗಳು ಹೆಚ್ಚಾಗಿ ಸೇರುವುದು ಡಿಸ್ಕಾರ್ಡ್ ಮತ್ತು ರೆಡ್ಡಿಟ್ ಅನ್ನುವ ಆನ್‌ಲೈನ್ ತಾಣಗಳಲ್ಲಿ. ಎರಡರ ಸ್ವಭಾವ ಬೇರೆ. ಡಿಸ್ಕಾರ್ಡ್‌ನಲ್ಲಿ ಮಾತು ಹರಿಯುತ್ತಾ ಇರುತ್ತದೆ, ರಾತ್ರಿ ಹೇಳಿದ್ದು ಬೆಳಗ್ಗೆ ಎಷ್ಟೋ ಮೇಲೆ ಹೋಗಿರುತ್ತದೆ. ರೆಡ್ಡಿಟ್‌ನಲ್ಲಿ ಒಂದು ವಿಷಯ, ಅದರ ಕೆಳಗೆ ಉತ್ತರಗಳು. ನಾಲ್ಕು ದಿನ ಬಿಟ್ಟು ಹೋದರೂ ಮಾತು ಅಲ್ಲೇ ಇರುತ್ತದೆ. ಕ್ಲಾಸು, ಲ್ಯಾಬು, ಓಡಾಟ ಜಾಸ್ತಿ ಇರುವವರಿಗೆ ರೆಡ್ಡಿಟ್ ಸುಲಭ. ಗೆಳೆತನ ಬೇಕು ಅನ್ನುವವರಿಗೆ ಡಿಸ್ಕಾರ್ಡ್.

ಲಿಂಕನ್ನು ಕಾಮಿಕ್ ಬರೆಯುವವರ ಸ್ವಂತ ಪುಟದಿಂದಲೇ ತೆಗೆದುಕೊಳ್ಳಿ. ಗೂಗಲ್‌ನಲ್ಲಿ ಹುಡುಕಿದಾಗ ಸಿಗುವ, ಯಾರೋ ಇನ್‌ಸ್ಟಾಗ್ರಾಂನಲ್ಲಿ ಕಳಿಸುವ ಆಹ್ವಾನ ನಂಬಬೇಡಿ. ಡಿಸ್ಕಾರ್ಡ್‌ನಲ್ಲಿ ಒಂದು ಬಳಗ ಸೇರುವ ಜಾಗಕ್ಕೆ ‘ಸರ್ವರ್’ ಅನ್ನುತ್ತಾರೆ. ಹೆಸರು, ಚಿತ್ರ ಎಲ್ಲ ನಕಲು ಮಾಡಿದ ಸುಳ್ಳು ಸರ್ವರ್‌ಗಳೂ ಇರುತ್ತವೆ.

ದೊಡ್ಡದೋ ಚಿಕ್ಕದೋ ಅನ್ನುವುದಕ್ಕೆ ನನ್ನ ಮತ ಚಿಕ್ಕದಕ್ಕೇ. ಹತ್ತಾರು ಸಾವಿರ ಜನ ಇರುವ ಕಡೆ ಹೊಸಬರ ಮಾತು ಕೇಳಿಸುವುದೇ ಇಲ್ಲ. ಇನ್ನೂರು ಮುನ್ನೂರು ಜನರ ಬಳಗದಲ್ಲಿ ದಿನಾ ಮಾತಾಡುವವರು ಇಪ್ಪತ್ತು ಜನ ಇದ್ದರೆ ಸಾಕು, ವಾರದಲ್ಲಿ ಅವರೆಲ್ಲರ ಪರಿಚಯ ಆಗುತ್ತದೆ.

ಹಂತ 3: ಖಾತೆ ತೆರೆಯುವಾಗ

ಡಿಸ್ಕಾರ್ಡ್, ರೆಡ್ಡಿಟ್ ಎರಡಕ್ಕೂ ಕನಿಷ್ಠ 13 ವರ್ಷ ಆಗಿರಬೇಕು. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಲೆಕ್ಕದಲ್ಲಿ 18 ತುಂಬದವರೆಲ್ಲ ಮಕ್ಕಳೇ. ಹೈಸ್ಕೂಲು, ಪಿಯು ಓದುತ್ತಿರುವವರು ಅಪ್ಪ ಅಮ್ಮನಿಗೆ ಹೇಳಿಯೇ ಸೇರಿ. ಸುಳ್ಳು ವಯಸ್ಸು ಹಾಕಿದರೆ ದೊಡ್ಡವರಿಗೆ ಮಾತ್ರ ಇರುವ ವಿಭಾಗಗಳೂ ನಿಮಗೆ ತೆರೆದುಕೊಳ್ಳುತ್ತವೆ.

ಇದಕ್ಕೆ ಅಂತಲೇ ಒಂದು ಬೇರೆ ಇಮೇಲ್ ಇಟ್ಟುಕೊಳ್ಳಿ. ಹೆಸರು ನಿಮ್ಮದೇ ಆಗಬೇಕಿಲ್ಲ. ಹೆಸರಿನ ಕೊನೆಗೆ ಹುಟ್ಟಿದ ವರ್ಷ ಬೇಡ. ಎರಡು ಹಂತದ ಲಾಗಿನ್ ಆನ್ ಮಾಡಿ, ಆಗ ಸಿಗುವ ಬ್ಯಾಕಪ್ ಕೋಡುಗಳನ್ನು ಕಾಗದದಲ್ಲಿ ಬರೆದಿಡಿ. ಫೋನ್ ಕಳೆದ ದಿನ ಅವು ಬೇಕಾಗುತ್ತವೆ. ಡಿಸ್ಕಾರ್ಡ್ ಸೆಟ್ಟಿಂಗ್‌ನಲ್ಲಿ, ಸರ್ವರ್‌ನಲ್ಲಿರುವ ಅಪರಿಚಿತರು ನಿಮಗೆ ನೇರ ಸಂದೇಶ ಕಳಿಸುವುದನ್ನು ಆಫ್ ಮಾಡಬಹುದು. ಮೊದಲು ಅದನ್ನು ಮಾಡಿ. ಗೆಳೆಯರಾದ ಮೇಲೆ ಬೇಕಾದವರಿಗೆ ಬಾಗಿಲು ತೆರೆದರಾಯಿತು.

ಊರು ಕೇಳಿದರೆ ‘ಮೈಸೂರು’ ಅಂದರೆ ಸಾಕು. ಕುವೆಂಪುನಗರದಲ್ಲಿ ಯಾವ ಬಸ್‌ಸ್ಟಾಪ್ ಪಕ್ಕ ಅನ್ನುವುದು ಯಾರಿಗೂ ಬೇಡ. ಮನೆ ಮಹಡಿಯಿಂದ ಚಾಮುಂಡಿ ಬೆಟ್ಟ ಕಾಣುವ ಫೋಟೋ ಚೆನ್ನಾಗಿರುತ್ತದೆ, ಅಲ್ವಾ? ಆದರೆ ಮುಂದಿನ ಅಂಗಡಿಯ ಬೋರ್ಡೂ ಅದರಲ್ಲಿ ಬಿದ್ದಿದ್ದರೆ ನಿಮ್ಮ ಮನೆ ಹುಡುಕುವುದು ಕಷ್ಟವಲ್ಲ. ಕಾಲೇಜಿನ ಐಡಿ ಕಾರ್ಡ್ ದಾರ ಕಾಣುವ ಸೆಲ್ಫಿಗೂ ಇದೇ ಮಾತು.

ಹಂತ 4: ಒಳಗೆ ಕಾಲಿಟ್ಟಾಗ

ಸೇರಿದ ತಕ್ಷಣ ಬರೆಯಲು ಆಗದಿದ್ದರೆ ಏನೋ ಕೆಟ್ಟಿದೆ ಅಂದುಕೊಳ್ಳಬೇಡಿ. ಡಿಸ್ಕಾರ್ಡ್‌ನಲ್ಲಿ ಸರ್ವರ್ ನಡೆಸುವವರು ಭದ್ರತೆ ಹೆಚ್ಚಿಸಿಟ್ಟಿದ್ದರೆ ಹೊಸಬರು ಹತ್ತು ನಿಮಿಷ ಕಾಯಬೇಕು. ಅದಕ್ಕೂ ಬಿಗಿಯಾದ ಕಡೆ ಫೋನ್ ನಂಬರ್ ದೃಢೀಕರಿಸಬೇಕು. ರೆಡ್ಡಿಟ್‌ನ ಕೆಲವು ಬಳಗಗಳಲ್ಲಿ ಹೊಸ ಖಾತೆಯಿಂದ ಹಾಕಿದ್ದನ್ನು ಯಂತ್ರವೇ ತೆಗೆದುಹಾಕುತ್ತದೆ. ಹೊಸಬರಿಗೆ ಬರೆಯಲು ಬಿಡುವ ಬೇರೆ ಬಳಗಗಳಲ್ಲಿ ಸ್ವಲ್ಪ ದಿನ ಬೇರೆಯವರ ಮಾತಿಗೆ ಉತ್ತರ ಬರೆಯುತ್ತಾ ಇದ್ದರೆ ದಾರಿ ತೆರೆಯುತ್ತದೆ.

ನಿಯಮಗಳ ಪುಟ ಪೂರ್ತಿ ಓದಿ. ಕೆಲವು ಕಡೆ ಓದಿದ್ದೀರೋ ಇಲ್ಲವೋ ನೋಡಲು ನಿಯಮಗಳ ನಡುವೆಯೇ ಒಂದು ಗುಪ್ತ ಪದ ಇಟ್ಟಿರುತ್ತಾರೆ. ಅದನ್ನು ಟೈಪ್ ಮಾಡಿದರೆ ಮಾತ್ರ ಒಳಗೆ ಪ್ರವೇಶ. ಆಮೇಲೆ ‘ರೋಲ್’ ಆರಿಸಿಕೊಳ್ಳಲು ಹೇಳುತ್ತಾರೆ. ಹೊಸ ಕಂತು ಬಂದಾಗ ತಿಳಿಸಬೇಕೇ, ಮುಂದಿನ ಕಂತು ಓದಿದವರ ಕೋಣೆ (ಸರ್ವರ್‌ನ ಒಳಗೆ ಒಂದೊಂದು ವಿಷಯಕ್ಕೆ ಇರುವ ಮಾತಿನ ವಿಭಾಗ) ಕಾಣಬೇಕೇ ಅನ್ನುವುದೆಲ್ಲ ಇದರಲ್ಲೇ ನಿರ್ಧಾರ. ಮೊದಲನೇ ಹಂತದಲ್ಲಿ ಹೇಳಿದ ಗುಂಪಿನ ವಿಷಯ ನೆನಪಿದೆಯಲ್ಲ? ಪುಕ್ಕಟೆ ಕಂತು ಓದುವವರು ಆ ಕೋಣೆಯ ರೋಲ್ ತೆಗೆದುಕೊಳ್ಳಲೇಬೇಡಿ.

ಇಡೀ ಸರ್ವರ್‌ನ ನೋಟಿಫಿಕೇಶನ್ ಮ್ಯೂಟ್ ಮಾಡಿ, ಹೊಸ ಕಂತಿನ ಸೂಚನೆಯನ್ನು ಮಾತ್ರ ಬಿಟ್ಟುಕೊಳ್ಳಿ. ಇಲ್ಲದಿದ್ದರೆ ರಾತ್ರಿಯಿಡೀ ಫೋನ್ ಟಿಂಗ್ ಟಿಂಗ್ ಅನ್ನುತ್ತಿರುತ್ತದೆ.

ಹಂತ 5: ಸುಮ್ನೆ ಕೂತು ಕೇಳಿ

ಮಂಡ್ಯದ ಕಡೆ ಬೇರೆ ಊರಿನವರು ಅರಳಿಕಟ್ಟೆಗೆ ಬಂದ ಕೂಡಲೇ ನ್ಯಾಯ ಹೇಳಲು ಶುರು ಮಾಡುವುದಿಲ್ಲ. ಮೊದಲು ಕೂತು, ಯಾರು ಹಿರಿಯರು, ಯಾರ ಮಾತಿಗೆ ಯಾರು ಸಿಡುಕುತ್ತಾರೆ ಅಂತ ನೋಡುತ್ತಾರೆ. ಇಲ್ಲೂ ಒಂದು ವಾರ ಹಾಗೆಯೇ ಇರಿ. ಮಾತಾಡದೆ ಓದುವವರನ್ನು ಅಲ್ಲಿ ‘ಲರ್ಕರ್’ ಅನ್ನುತ್ತಾರೆ. ಅದು ಬೈಗುಳವಲ್ಲ.

ಈ ವಾರದಲ್ಲಿ ಕೆಲವು ಮಾತುಗಳು ಕಿವಿಗೆ ಬೀಳುತ್ತವೆ. ‘ಕ್ಯಾನನ್’ ಅಂದರೆ ಕಾಮಿಕ್ಕಿನಲ್ಲಿ ನಿಜವಾಗಿ ನಡೆದದ್ದು. ‘ಹೆಡ್‌ಕ್ಯಾನನ್’ ಅಂದರೆ ಓದುಗರು ತಮ್ಮಷ್ಟಕ್ಕೆ ನಂಬಿಕೊಂಡದ್ದು. ‘ಶಿಪ್’ ಅಂದರೆ ಇಬ್ಬರು ಪಾತ್ರಗಳು ಜೋಡಿಯಾಗಲಿ ಅನ್ನುವ ಆಸೆ. ಜಗಳಗಳಲ್ಲಿ ಮುಕ್ಕಾಲು ಪಾಲು ಇದರಿಂದಲೇ. ‘ಓಸಿ’ ಅಂದರೆ ಅಭಿಮಾನಿಯೇ ಹುಟ್ಟುಹಾಕಿದ ಪಾತ್ರ. ‘ಹಯೇಟಸ್’ ಅಂದರೆ ಕಾಮಿಕ್ ಬಿಡುವು ತೆಗೆದುಕೊಂಡಿದೆ ಅಂತ.

ಪ್ರಶ್ನೆ ಕೇಳುವ ಮುಂಚೆ ಪಿನ್ ಮಾಡಿಟ್ಟ ಸಂದೇಶಗಳನ್ನೂ ಹಳೇ ಮಾತುಗಳನ್ನೂ ಹುಡುಕಿ ನೋಡಿ. ‘ಮುಂದಿನ ಕಂತು ಯಾವಾಗ?’ ಅನ್ನುವ ಪ್ರಶ್ನೆ ದಿನಾ ಕೇಳಿ ಕೇಳಿ ಅಲ್ಲಿನವರಿಗೆ ಸಾಕಾಗಿರುತ್ತದೆ.

ಹೊಸ ಕಂತಿನ ಹೊತ್ತನ್ನು ನೀವೇ ಲೆಕ್ಕ ಹಾಕಿಕೊಳ್ಳಬಹುದು. ಕೊರಿಯಾ ನಮಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ರಾತ್ರಿ 12 ಆದಾಗ ಇಲ್ಲಿ ಹಿಂದಿನ ದಿನ ರಾತ್ರಿ 8:30. ಅಮೆರಿಕದ ನ್ಯೂಯಾರ್ಕ್ ಕಡೆ ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದೆ. ಅವರು ಮಾರ್ಚ್‌ನ ಎರಡನೇ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ ಗಡಿಯಾರ ತಿರುಗಿಸುತ್ತಾರೆ. ಅಂದರೆ ಅವರ ನಡುರಾತ್ರಿಯ ಕಂತು ನಮಗೆ ಜೂನ್‌ನಲ್ಲಿ ಬೆಳಗ್ಗೆ 9:30ಕ್ಕೆ, ಡಿಸೆಂಬರ್‌ನಲ್ಲಿ 10:30ಕ್ಕೆ. ಎರಡೂ ಕ್ಲಾಸಿನ ಹೊತ್ತೇ, ಏನು ಮಾಡುವುದು! ಮಧ್ಯಾಹ್ನ ಊಟದ ಬಿಡುವಿನವರೆಗೆ ಬಳಗದ ಕಡೆ ತಲೆ ಹಾಕದಿರುವುದು ಒಳ್ಳೆಯದು.

ಹಂತ 6: ಮೊದಲ ಮಾತು

ಹೆಚ್ಚಿನ ಕಡೆ ಪರಿಚಯಕ್ಕೆ ಅಂತಲೇ ಒಂದು ಕೋಣೆ ಇರುತ್ತದೆ. ಉದ್ದ ಬೇಡ. ಹೀಗಿದ್ದರೆ ಸಾಕು:

‘ನಮಸ್ಕಾರ, ನಾನು ಭಾರತದ ಮೈಸೂರಿನಿಂದ. ಐದನೇ ಅಧ್ಯಾಯ ಮುಗಿಸಿದ್ದೇನೆ, ಮುಂದಿನದು ದಯವಿಟ್ಟು ಹೇಳಬೇಡಿ. ಮಳೆಯ ರಾತ್ರಿ ಸೇತುವೆ ಮೇಲೆ ಅವರಿಬ್ಬರೂ ಮಾತಾಡದೆ ನಿಲ್ಲುವ ಪುಟ ನನಗೆ ಇಷ್ಟ. ನಿಮಗೆ ಯಾವುದು?’

ಎಲ್ಲಿಯವರೆಗೆ ಓದಿದ್ದೀರಿ ಅನ್ನುವುದು ಬಂತು. ನಿಜವಾಗಿ ಓದಿದ್ದೀರಿ ಅನ್ನುವುದಕ್ಕೆ ಒಂದು ಪುಟದ ಗುರುತು ಬಂತು. ಉತ್ತರ ಕೊಡಲು ಒಂದು ಪ್ರಶ್ನೆಯೂ ಬಂತು. ‘ಹಾಯ್ ಎಲ್ಲರಿಗೂ’ ಅಂತಷ್ಟೇ ಬರೆದರೆ ಪಾಪ ಯಾರು ಏನು ಉತ್ತರ ಕೊಟ್ಟಾರು?

ಇಂಗ್ಲಿಷ್ ತಪ್ಪಾದೀತು ಅನ್ನುವ ಹೆದರಿಕೆ ಬೇಡ. ಬ್ರೆಜಿಲ್, ಇಂಡೋನೇಷ್ಯಾದ ಓದುಗರಿಗೂ ಇಂಗ್ಲಿಷ್ ಮನೆಮಾತಲ್ಲ. ನಮ್ಮಲ್ಲಿ ದೊಡ್ಡವರನ್ನು ಹೆಸರು ಹಿಡಿದು ಕರೆಯಲು ಮುಜುಗರ. ಅಲ್ಲಿ ಸರ್, ಬ್ರೋ ಯಾವುದೂ ಬೇಡ, ಅವರು ಇಟ್ಟುಕೊಂಡ ಹೆಸರೇ ಸಾಕು. ಬ್ರೋ ಅಂದವರು ಯಾರದ್ದೋ ಅಜ್ಜಿಯೂ ಆಗಿರಬಹುದು.

ಹಂತ 7: ಕಥೆ ಬಾಯಿಬಿಡಬೇಡಿ

ಡಿಸ್ಕಾರ್ಡ್‌ನಲ್ಲಿ ಮಾತಿನ ಹಿಂದೆ ಮುಂದೆ ಎರಡೆರಡು ನಿಂತ ಗೆರೆ, ||ಹೀಗೆ||, ಹಾಕಿದರೆ ಅದು ಮುಚ್ಚಿಕೊಳ್ಳುತ್ತದೆ. ಬೇಕಾದವರು ಮುಟ್ಟಿ ಓದುತ್ತಾರೆ. ರೆಡ್ಡಿಟ್‌ನಲ್ಲಿ >!ಹೀಗೆ!<. ಚಿತ್ರ ಹಾಕುವಾಗಲೂ ‘ಸ್ಪಾಯ್ಲರ್’, ಅಂದರೆ ಕಥೆ ಮೊದಲೇ ಬಯಲು ಮಾಡುವಂಥದ್ದು, ಅಂತ ಗುರುತು ಮಾಡುವ ಆಯ್ಕೆ ಇದೆ. ಮುಚ್ಚುವ ಮುಂಚೆ ಯಾವ ಕಂತಿನ ಮಾತು ಅಂತ ಹೊರಗೆ ಬರೆಯಿರಿ. ಇಲ್ಲದಿದ್ದರೆ ತೆರೆಯಬೇಕೋ ಬೇಡವೋ ಓದುವವರಿಗೆ ಹೇಗೆ ಗೊತ್ತಾಗಬೇಕು? ಎಷ್ಟು ದಿನ ಮುಚ್ಚಿಡಬೇಕು ಅನ್ನುವುದು ಆಯಾ ಬಳಗದ ನಿಯಮ.

ಹಂತ 8: ನಿಮ್ಮ ಕೈಯಿಂದ ಏನಾದರೂ ಕೊಡಿ

ಬಳಗದಲ್ಲಿ ಜಾಗ ಸಿಗುವುದು ಮಾತಿನಿಂದ ಅಷ್ಟಲ್ಲ, ಕೆಲಸದಿಂದ. ಚಿತ್ರ ಬರೆಯಲು ಬಂದರೆ ಸರಿಯೇ ಸರಿ. ನವರಾತ್ರಿಯಲ್ಲಿ ಕಾಮಿಕ್ಕಿನ ಪಾತ್ರಗಳನ್ನೆಲ್ಲ ಮೆಟ್ಟಿಲ ಮೇಲೆ ದಸರಾ ಗೊಂಬೆಗಳಂತೆ ಕೂರಿಸಿ ಬರೆದು ನೋಡಿ. ಪಟ್ಟದ ಗೊಂಬೆಯ ಜಾಗದಲ್ಲಿ ಯಾವ ಜೋಡಿ ಅನ್ನುವುದಕ್ಕೇ ಎರಡು ದಿನ ವಾದ ನಡೆಯುತ್ತದೆ. ಬೇರೆಯವರ ಚಿತ್ರದ ಮೇಲೆ ಗೆರೆ ಎಳೆದು ನಿಮ್ಮದು ಅನ್ನಬೇಡಿ. ಎಐನಿಂದ ಮಾಡಿದ ಚಿತ್ರ ಹಾಕುವ ಮುಂಚೆ ನಿಯಮ ನೋಡಿ, ಎಷ್ಟೋ ಕಡೆ ಅದಕ್ಕೆ ಪ್ರವೇಶವೇ ಇಲ್ಲ. ಚಿತ್ರ ಬಾರದವರು ಕಾಮಿಕ್ಕಿನ ಬಗ್ಗೆ ಅಭಿಮಾನಿಗಳೇ ಬರೆಯುವ ವಿಕಿ ಪುಟಗಳಲ್ಲಿ ಕಂತಿನ ಸಾರಾಂಶ ಬರೆಯಬಹುದು, ಪಾತ್ರಗಳ ಪಟ್ಟಿ ತಿದ್ದಬಹುದು.

ಕನ್ನಡದವರು ಕೊಡಬಹುದಾದ ಇನ್ನೊಂದಿದೆ, ಅನುವಾದ. ಇಲ್ಲಿ ಮೊದಲು ಒಪ್ಪಿಗೆಯ ಮಾತು. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅನುವಾದದ ಹಕ್ಕು ಬರೆದವರದ್ದೇ. ಪುಕ್ಕಟೆ ಹಂಚುತ್ತೇನೆ ಅಂದರೂ ಕೇಳಿಯೇ ಮಾಡಬೇಕು. ಕೆಲವರು ಮೊದಲೇ ಒಪ್ಪಿಗೆ ಕೊಟ್ಟಿರುತ್ತಾರೆ. ಎಕ್ಸ್‌ಕೆಸಿಡಿಯ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ, ಹೆಸರು ಹೇಳಿ, ದುಡ್ಡು ಮಾಡದೆ ಬಳಸಬಹುದು. ಫ್ರಾನ್ಸಿನ ಡೇವಿಡ್ ರೆವಾ 2014ರಲ್ಲಿ ಶುರು ಮಾಡಿದ ಪೆಪ್ಪರ್ ಅಂಡ್ ಕ್ಯಾರಟ್ ಇನ್ನೂ ಉದಾರ. ಹೆಸರು ಹೇಳಿದರೆ ಸಾಕು, ಯಾರು ಬೇಕಾದರೂ ಅನುವಾದಿಸಬಹುದು. ಚಿತ್ರದ ಮೂಲ ಫೈಲುಗಳೂ ಸಿಗುತ್ತವೆ. ಮಾತಿನ ಪದರ ಚಿತ್ರದಿಂದ ಬೇರೆಯೇ ಇದೆ, ಇಂಕ್‌ಸ್ಕೇಪ್ ಅನ್ನುವ ಪುಕ್ಕಟೆ ತಂತ್ರಾಂಶದಲ್ಲಿ ತೆರೆದು ಮಾತನ್ನಷ್ಟೇ ಬದಲಿಸಬಹುದು. ಕಲಿಯುವವರಿಗೆ ಇದೇ ಸರಿಯಾದ ಜಾಗ.

ಇನ್ನು ಅಕ್ಷರದ ಕಷ್ಟ. ಇಂಗ್ಲಿಷ್ ಕಾಮಿಕ್ಕಿನಲ್ಲಿ ಸಾಮಾನ್ಯವಾಗಿ ಎಲ್ಲವೂ ದೊಡ್ಡಕ್ಷರ. ಗೆರೆಯ ಕೆಳಗೆ ಏನೂ ಇಳಿಯುವುದಿಲ್ಲ. ಹಾಗಾಗಿ ಸಾಲುಗಳನ್ನು ಒತ್ತೊತ್ತಾಗಿ ಜೋಡಿಸಿ ಮಾತಿನ ಗುಳ್ಳೆಯನ್ನು ಅದರ ಅಳತೆಗೇ ಬರೆದಿರುತ್ತಾರೆ. ನಮ್ಮಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ. ಅದೇ ಗುಳ್ಳೆಯಲ್ಲಿ ‘ಕಷ್ಟಪಟ್ಟು’ ಅಂತ ಬರೆದರೆ ಅದರ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಅಕ್ಷರ ಚಿಕ್ಕದು ಮಾಡುವುದಕ್ಕಿಂತ ಮಾತು ಚಿಕ್ಕದು ಮಾಡಿ. ಐದು ಪದದಲ್ಲಿ ಹೇಳಿದ್ದನ್ನು ಮೂರರಲ್ಲಿ ಹೇಳುವುದು ಕನ್ನಡದಲ್ಲಿ ಆಗುತ್ತದೆ, ಕ್ರಿಯಾಪದವೇ ಯಾರು ಅಂತ ಹೇಳಿಬಿಡುತ್ತದಲ್ಲ. ಒತ್ತಿ ಹೇಳಬೇಕಾದ ಮಾತನ್ನು ಓರೆಯಾಗಿಸಬೇಡಿ, ನಮ್ಮ ದುಂಡು ಅಕ್ಷರಕ್ಕೆ ಅದು ಒಪ್ಪುವುದಿಲ್ಲ. ದಪ್ಪ ಮಾಡಿ.

ಹಳೇ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಬೇರೆ ಕಂಪ್ಯೂಟರಿನಲ್ಲಿ ಗೋಜಲಾಗುತ್ತದೆ. ಯೂನಿಕೋಡ್‌ನಲ್ಲೇ ಬರೆಯಿರಿ. ‘ನೋಟೊ ಸಾನ್ಸ್ ಕನ್ನಡ’, ‘ಬಲೂ ತಮ್ಮ’ ಅನ್ನುವ ಫಾಂಟುಗಳು ಪುಕ್ಕಟೆ ಸಿಗುತ್ತವೆ. ‘ಬಲೂ ತಮ್ಮ’ ಕಾಮಿಕ್ಕಿಗೆ ಚೆನ್ನಾಗಿ ಹೊಂದುತ್ತದೆ. ಹಳೇ ಫೋಟೋಶಾಪ್‌ನಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಬಿದ್ದರೆ ಫಾಂಟ್ ಬೈಯಬೇಡಿ. ಅಕ್ಷರಗಳ ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾದ ಭಾಷೆಗಳ ಆಯ್ಕೆ ಆನ್ ಮಾಡಿ.

ಪಾತ್ರಗಳ ಮಾತಿನ ಬಗ್ಗೆ ಒಂದು ತಕರಾರು. ಕನ್ನಡಕ್ಕೆ ತರುವಾಗ ಪೆದ್ದ ಪಾತ್ರಕ್ಕೋ ರೌಡಿಗೋ ಮಂಡ್ಯದ ಮಾತು ಕೊಟ್ಟುಬಿಡುವ ಚಾಳಿ ಇದೆ. ‘ಏನ್ಲಾ, ಎಲ್ಲಿಗ್ ಓಯ್ತಿದ್ದೀಯಾ’ ಅಂದರೆ ನಗಬೇಕು ಅನ್ನುವ ಲೆಕ್ಕ. ಕಥೆಯ ನಾಯಕಿಗೇ ಆ ಮಾತು ಕೊಡಿ, ಮಾಟಗಾತಿಯರ ಗುರುವಿಗೇ ಕೊಡಿ. ಎಷ್ಟು ಗತ್ತಿದೆ ಅಂತ ಆಗ ಗೊತ್ತಾಗುತ್ತದೆ. ಇನ್ನು ಧಡ್, ಫಟಾರ್, ದಬದಬ, ಚರಚರ ಇವಕ್ಕಂತೂ ನಮ್ಮಲ್ಲಿ ಬರವೇ ಇಲ್ಲ.

ಹಂತ 9: ಬರೆಯುವವರ ಜೊತೆ

ಮೈಸೂರಿನಲ್ಲೇ 1921ರಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ 1942ರಲ್ಲಿ ಶುರುವಾದ ‘ಕೊರವಂಜಿ’ ಪತ್ರಿಕೆಗೆ ಚಿತ್ರ ಬರೆದವರು. ಆಗಿನ ಓದುಗರು ಮೆಚ್ಚಿದರೂ ಬೈದರೂ ಕಾಗದ ಬರೆದು ಅಂಚೆಗೆ ಹಾಕಬೇಕಿತ್ತು. ಈಗ ನೀವು ಬರೆದದ್ದು ಅರ್ಧ ಗಂಟೆಯಲ್ಲಿ ಕಾಮಿಕ್ ಬರೆಯುವವರ ಕಣ್ಣಿಗೆ ಬೀಳಬಹುದು. ಅವರು ಹೆಚ್ಚಾಗಿ ಒಬ್ಬರೇ ಕೂತು ಕಥೆ, ಗೆರೆ, ಬಣ್ಣ, ಅಕ್ಷರ ಎಲ್ಲ ಮಾಡುವವರು. ಕಂತು ತಡವಾದರೆ ಅವರನ್ನು ಟ್ಯಾಗ್ ಮಾಡಿ ಕೇಳಬೇಡಿ. ಕಥೆ ಹೀಗೆ ಮುಂದುವರಿಸಿ ಅಂತ ಸಲಹೆಯೂ ಬೇಡ. ಇಷ್ಟವಾದ ಪುಟದ ಬಗ್ಗೆ ಎರಡು ಸಾಲು ಬರೆದರೆ ಅವರಿಗೆ ಖುಷಿಯಾಗುತ್ತದೆ.

ಓದುಗರು ಬರೆಯುವವರಿಗೆ ನೆರವು ಕೊಡುವ ಪೇಟ್ರಿಯಾನ್ ತಾಣದಲ್ಲಿ ತಿಂಗಳು ತಿಂಗಳು ದುಡ್ಡು ಕೊಡುವವರಿಗೆ ಡಿಸ್ಕಾರ್ಡ್‌ನಲ್ಲಿ ಬೇರೆ ಕೋಣೆ ತಾನಾಗಿಯೇ ತೆರೆಯುವ ವ್ಯವಸ್ಥೆ ಇರುತ್ತದೆ. ಹೊಸ ಕಾರ್ಡುಗಳಲ್ಲಿ ವಿದೇಶಿ ಪಾವತಿ ಆಫ್ ಆಗಿರುತ್ತದೆ, ಬ್ಯಾಂಕ್ ಆ್ಯಪ್‌ನಲ್ಲಿ ಆನ್ ಮಾಡಬೇಕು. ರಿಸರ್ವ್ ಬ್ಯಾಂಕ್ ನಿಯಮದಂತೆ ಪ್ರತಿ ತಿಂಗಳ ಪಾವತಿಗೆ 24 ಗಂಟೆ ಮುಂಚೆ ಬ್ಯಾಂಕಿನಿಂದ ಸೂಚನೆ ಬರಬೇಕು. ಪಾವತಿ ಫೇಲ್ ಆದರೆ ಮೊದಲು ಈ ಎರಡನ್ನೂ ನೋಡಿ. ವಿದ್ಯಾರ್ಥಿಗಳು ದುಡ್ಡು ಕೊಡಲೇಬೇಕು ಅಂತೇನಿಲ್ಲ.

ಹಂತ 10: ಮೋಸ, ಕಿರುಕುಳ

ಚಿತ್ರ ಬರೆಯುವವರನ್ನೇ ಹುಡುಕಿಕೊಂಡು ಬರುವ ಮೋಸಗಳಿವೆ. ‘ನಿಮ್ಮ ಚಿತ್ರ ಇಷ್ಟವಾಯಿತು, ನನ್ನ ನಾಯಿಯದ್ದು ಬರೆದುಕೊಡಿ’ ಅನ್ನುತ್ತಾರೆ. ಕೇಳಿದ್ದಕ್ಕಿಂತ ಜಾಸ್ತಿ ದುಡ್ಡು ಹಾಕಿದ್ದೇವೆ, ಉಳಿದದ್ದು ವಾಪಸ್ ಕಳಿಸಿ ಅನ್ನುತ್ತಾರೆ. ಮೊದಲಿನ ದುಡ್ಡು ಬಂದೇ ಇರುವುದಿಲ್ಲ. ‘ನನ್ನ ಗೇಮ್ ಆಡಿ ನೋಡಿ’ ಅಂತ ಕಳಿಸುವ ಫೈಲಿನಲ್ಲಿ ವೈರಸ್ ಇರುತ್ತದೆ. ಯಾರೋ ಕಳಿಸಿದ ಕ್ಯೂಆರ್ ಕೋಡನ್ನು ಡಿಸ್ಕಾರ್ಡ್ ಆ್ಯಪ್‌ನಿಂದ ಸ್ಕ್ಯಾನ್ ಮಾಡಿದರೆ ನಿಮ್ಮ ಖಾತೆ ಅವರ ಕೈಗೆ ಹೋಗಬಹುದು. ದುಡ್ಡು ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ.

ಯಾರಾದರೂ ವಯಸ್ಸು, ಫೋಟೋ ಕೇಳಿ ಪ್ರತ್ಯೇಕ ಮಾತಿಗೆ ಕರೆದರೆ ಉತ್ತರ ಕೊಡಬೇಡಿ. ಸ್ಕ್ರೀನ್‌ಶಾಟ್ ತೆಗೆದು, ಬ್ಲಾಕ್ ಮಾಡಿ, ಬಳಗವನ್ನು ನೋಡಿಕೊಳ್ಳುವ ಮಾಡರೇಟರ್‌ಗೆ ತಿಳಿಸಿ. ಚಿಕ್ಕವರಾದರೆ ಮನೆಯಲ್ಲೂ ಹೇಳಿ. ಸ್ಕ್ರೀನ್‌ಶಾಟ್ ಮೊದಲು, ಬ್ಲಾಕ್ ಆಮೇಲೆ.

ಊರಿನವರು ಸಿಕ್ಕರೆ

ಎಂದಾದರೂ ‘ನಾನೂ ಮೈಸೂರು’ ಅನ್ನುವವರು ಸಿಗುತ್ತಾರೆ. ಭೇಟಿಯಾಗುವುದಾದರೆ ಹಗಲು ಹೊತ್ತು, ಜನ ಓಡಾಡುವ ಜಾಗ. ಇಬ್ಬರಿಗಿಂತ ನಾಲ್ವರಾದರೆ ಇನ್ನೂ ಒಳ್ಳೆಯದು. ಸಿಗುವ ಮುಂಚೆ ಒಮ್ಮೆ ವಿಡಿಯೋ ಕರೆ ಮಾಡಿ ಮುಖ ನೋಡಿಕೊಳ್ಳಿ, ಮನೆಗೆ ಹೇಳಿ ಹೋಗಿ. ಬೆಂಗಳೂರಿನ ಕಾಮಿಕ್ ಕಾನ್‌ಗೆ ಗುಂಪಾಗಿ ರೈಲಿನಲ್ಲಿ ಹೋಗಿಬರುವುದೂ ಒಂದು ದಾರಿ. ಮಂಡ್ಯದವರು ನಡುವೆ ಹತ್ತಿಕೊಳ್ಳಬಹುದು.

ಬಿಟ್ಟು ಬರುವಾಗ

ಕಾಮಿಕ್ ಮುಗಿಯಬಹುದು, ನಿಮಗೇ ಸಾಕಾಗಬಹುದು. ವಿದಾಯ ಭಾಷಣ ಬೇಡ. ಆದರೆ ಡಿಸ್ಕಾರ್ಡ್‌ನಲ್ಲಿ ಸರ್ವರ್ ಬಿಟ್ಟರೂ ನೀವು ಬರೆದದ್ದು ಅಲ್ಲೇ ಉಳಿಯುತ್ತದೆ. ಖಾತೆ ಅಳಿಸಿದರೆ ಹೆಸರು ಹೋಗುತ್ತದೆ, ಮಾತು ಹೋಗುವುದಿಲ್ಲ. ಅಳಿಸಬೇಕಾದದ್ದು ಏನಾದರೂ ಇದ್ದರೆ ಹೊರಗೆ ಬರುವ ಮುಂಚೆಯೇ ಅಳಿಸಿ. ಅಲ್ಲಿ ಹಾಕಿದ ನಿಮ್ಮ ಚಿತ್ರಗಳ ಪ್ರತಿ ಬೇರೆ ಕಡೆ ಇಲ್ಲದಿದ್ದರೆ ಅವನ್ನೂ ಮೊದಲೇ ಇಳಿಸಿಟ್ಟುಕೊಳ್ಳಿ.